ಒಂದೇ ಒತ್ತಿಗೆ ಲೆಕ್ಕದ ನಕಲು: ಅನುಕೂಲವೂ ಅಪಾಯವೂ

ಸಣ್ಣ ವ್ಯಾಪಾರ ಸಂಸ್ಥೆಗಳಲ್ಲಿ ಇಂದು ಒಂದೇ ಗಣಕಯಂತ್ರ ಇರುವುದು ಅಪರೂಪ. ಹುಬ್ಬಳ್ಳಿಯ ಎಪಿಎಂಸಿ ಪ್ರಾಂಗಣದ ಒಂದು ದಲಾಲಿ ಅಂಗಡಿಯನ್ನೇ ಉದಾಹರಣೆಯಾಗಿ ಊಹಿಸಿಕೊಳ್ಳಬಹುದು. ಗಲ್ಲೆಯ ಬಳಿ ಬಿಲ್ ಬರೆಯುವ ಯಂತ್ರ ಒಂದು, ಗೋದಾಮಿನಲ್ಲಿ ಸರಕಿನ ಆವಕ-ಜಾವಕ ನೋಡುವ ಯಂತ್ರ ಇನ್ನೊಂದು, ಮಾಲೀಕರ ಮನೆಯಲ್ಲಿ ಲ್ಯಾಪ್‌ಟಾಪ್ ಮತ್ತೊಂದು. ಇವುಗಳ ನಡುವೆ ಸಂಪರ್ಕಸೇತುವಾಗಿ ಗುಮಾಸ್ತನ ಅಂಗಿಯ ಜೇಬಿನಲ್ಲಿ ಒಂದು ಪೆನ್‌ಡ್ರೈವ್. ಸಂಜೆ ಅಂಗಡಿಯ ಬಾಗಿಲು ಹಾಕುವ ಮುನ್ನ ಅಂದಿನ ಲೆಕ್ಕದ ಕಡತಗಳನ್ನು ಅದರಲ್ಲಿ ತುಂಬಿ, ಮನೆಯ ಲ್ಯಾಪ್‌ಟಾಪ್‌ಗೆ ಇಳಿಸುವುದು ನಿತ್ಯದ ಪರಿಪಾಠ. ಆರು ತಿಂಗಳು ಕಳೆಯುವಷ್ಟರಲ್ಲಿ ಆ ಪೆನ್‌ಡ್ರೈವಿನಲ್ಲಿ ‘ಫೈನಲ್’, ‘ಫೈನಲ್ ಎರಡು’, ‘ಹೊಸ ಫೈನಲ್’ ಎಂಬ ಹೆಸರಿನ ಫೋಲ್ಡರುಗಳು ಸಾಲುಗಟ್ಟಿರುತ್ತವೆ. ಜಿಎಸ್‌ಟಿಆರ್-1 ಸಲ್ಲಿಸುವ ಹತ್ತನೆಯ ಅಥವಾ ಹನ್ನೊಂದನೆಯ ತಾರೀಖಿನಂದು, ಇವುಗಳಲ್ಲಿ ನಿಜವಾದ ಲೆಕ್ಕ ಯಾವುದು ಎಂಬ ಪ್ರಶ್ನೆ ಏಳುತ್ತದೆ.

ಈ ತೊಡಕಿನಿಂದ ಪಾರಾಗಲು ಗಣಕಯಂತ್ರದಲ್ಲಿಯೇ ಸುಲಭವಾದ ಮಾರ್ಗಗಳಿವೆ. ಅವುಗಳಿಗೆ ಹೊಸ ತಂತ್ರಾಂಶವನ್ನು ಕೊಳ್ಳಬೇಕಾಗಿಲ್ಲ, ವಾರ್ಷಿಕ ಚಂದಾ ಇಲ್ಲ. ಆದರೆ ಸುಲಭವಾದದ್ದೆಲ್ಲ ನಿರಪಾಯವೆಂದು ಭಾವಿಸುವ ಹಾಗಿಲ್ಲ. ಹತ್ತು ನಿಮಿಷದ ಕೆಲಸವನ್ನು ಒಂದು ಒತ್ತಿಗೆ ಇಳಿಸಿದಾಗ ಹತ್ತು ನಿಮಿಷದಲ್ಲಿ ಆಗಬಹುದಾಗಿದ್ದ ತಪ್ಪೂ ಅದೇ ಒಂದು ಒತ್ತಿಗೆ ಆಗಿಹೋಗುತ್ತದೆ.

ಶೆಲ್ ಎಂದರೇನು?

ಬಳಕೆದಾರನ ಆಜ್ಞೆಯನ್ನು ಪಡೆದು ಯಂತ್ರದ ಒಳಗಿನ ಕಾರ್ಯಾಚರಣಾ ವ್ಯವಸ್ಥೆಗೆ ಮುಟ್ಟಿಸುವ ಮಧ್ಯವರ್ತಿ ಕಾರ್ಯಕ್ರಮಕ್ಕೆ ಶೆಲ್ ಎಂದು ಹೆಸರು. ಡಾಸ್ ಕಾಲದ ಕಪ್ಪು ಪರದೆಯನ್ನು ಕಂಡವರಿಗೆ ಇದರ ಪರಿಚಯವಿದೆ. ಆಗ ‘ಕಾಪಿ’ ಎಂದು ಬೆರಳಚ್ಚು ಮಾಡಿ, ಮೂಲದ ವಿಳಾಸ, ತಲುಪಬೇಕಾದ ವಿಳಾಸ ಎರಡನ್ನೂ ತಪ್ಪಿಲ್ಲದೆ ಬರೆಯಬೇಕಾಗಿತ್ತು. ದಿನವೂ ಬರೆಯುವ ಉದ್ದನೆಯ ಆಜ್ಞೆಗೆ ಒಂದು ಚಿಕ್ಕ ಹೆಸರು ಕೊಡುವ ಪದ್ಧತಿ ಯೂನಿಕ್ಸ್ ಯಂತ್ರಗಳಲ್ಲಿ 1970ರ ದಶಕದ ಕೊನೆಯಲ್ಲಿಯೇ ಬಂದಿತು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಬಿಲ್ ಜಾಯ್ ರೂಪಿಸಿದ ಸಿ-ಶೆಲ್‌ನಲ್ಲಿ ಈ ಚಿಕ್ಕ ಹೆಸರಿಗೆ ‘ಅಲಿಯಾಸ್’ ಎನ್ನುತ್ತಿದ್ದರು. ನಮ್ಮ ದಸ್ತಾವೇಜುಗಳಲ್ಲಿ ‘ಉರ್ಫ್’ ಎಂದು ಬರೆಯುವುದಿಲ್ಲವೇ, ಅದೇ ಅರ್ಥ. ವಿಂಡೋಸ್‌ನಲ್ಲಿ ಇದೇ ಕೆಲಸವನ್ನು ಬ್ಯಾಚ್ ಫೈಲ್ ಮಾಡುತ್ತದೆ. ಆಜ್ಞೆಗಳನ್ನು ಒಂದರ ಕೆಳಗೊಂದು ನೋಟ್‌ಪ್ಯಾಡಿನಲ್ಲಿ ಬರೆದು, ಕಡತದ ಹೆಸರಿನ ಕೊನೆಗೆ ಚುಕ್ಕೆ ಇಟ್ಟು ‘ಬ್ಯಾಟ್’ ಎಂದು ಸೇರಿಸಿ ಉಳಿಸಿದರೆ ಮುಗಿಯಿತು. ಮೇಜಿನ ಪರದೆಯ ಮೇಲೆ ಅದರ ಚಿಹ್ನೆಯನ್ನು ಎರಡು ಬಾರಿ ಒತ್ತಿದರೆ ಎಲ್ಲ ಆಜ್ಞೆಗಳೂ ಕ್ರಮವಾಗಿ ನಡೆಯುತ್ತವೆ.

ಅಷ್ಟು ಕೂಡ ಬೇಡವೆನ್ನುವವರಿಗೆ ಇನ್ನೊಂದು ದಾರಿಯಿದೆ. ಕಡತದ ಮೇಲೆ ಮೌಸಿನ ಬಲಗುಂಡಿ ಒತ್ತಿದಾಗ ಬರುವ ‘ಸೆಂಡ್ ಟು’ ಪಟ್ಟಿಗೆ ಗೋದಾಮಿನ ಯಂತ್ರದ ಫೋಲ್ಡರನ್ನೂ ಸೇರಿಸಿಕೊಳ್ಳಬಹುದು. ‘ರನ್’ ಪೆಟ್ಟಿಗೆಯಲ್ಲಿ ಶೆಲ್ ಎಂದು ಬರೆದು, ವಿಸರ್ಗದಂತಹ ಎರಡು ಚುಕ್ಕೆ ಇಟ್ಟು, ಜಾಗ ಬಿಡದೆ ಸೆಂಡ್‌ಟು ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಆ ಪಟ್ಟಿಯ ಫೋಲ್ಡರ್ ತೆರೆಯುತ್ತದೆ. ಅದರಲ್ಲಿ ಬೇಕಾದ ಸ್ಥಳದ ಶಾರ್ಟ್‌ಕಟ್ ಇಟ್ಟರೆ ಸಾಕು. ಒಂದೆರಡು ಬಿಲ್ ಅಥವಾ ದರಪಟ್ಟಿ ಕಳುಹಿಸಲು ಇದು ಧಾರಾಳವಾಯಿತು. ಇಡೀ ಲೆಕ್ಕಕ್ಕೆ ಇದನ್ನು ನೆಚ್ಚಬಾರದು. ಯಾವುದು ಹೋಯಿತು, ಯಾವುದು ಉಳಿಯಿತು ಎಂಬುದಕ್ಕೆ ಇಲ್ಲಿ ಯಾವ ದಾಖಲೆಯೂ ಉಳಿಯುವುದಿಲ್ಲ.

ರೋಬೋಕಾಪಿ ಎಂಬ ಸಮರ್ಥ ಆಳು

ವಿಂಡೋಸ್ ಬಳಸುವ ವರ್ತಕರಿಗೆ ಅತ್ಯಂತ ಉಪಯುಕ್ತವಾದ ಆಜ್ಞೆ ರೋಬೋಕಾಪಿ. 1990ರ ದಶಕದಲ್ಲಿ ವಿಂಡೋಸ್ ಎನ್‌ಟಿಯ ರಿಸೋರ್ಸ್ ಕಿಟ್‌ನಲ್ಲಿ ಪ್ರತ್ಯೇಕವಾಗಿ ದೊರೆಯುತ್ತಿದ್ದ ಇದು ವಿಂಡೋಸ್ ವಿಸ್ತಾ ಬಂದಾಗಿನಿಂದ ವ್ಯವಸ್ಥೆಯ ಭಾಗವೇ ಆಗಿದೆ. ಎರಡು ಫೋಲ್ಡರುಗಳನ್ನು ಹೋಲಿಸಿ ನೋಡಿ, ಬದಲಾದ ಕಡತಗಳನ್ನು ಮಾತ್ರ ಒಯ್ಯುವುದು ಇದರ ಹೆಚ್ಚುಗಾರಿಕೆ. ಮೊದಲ ದಿನ ಇಡೀ ಲೆಕ್ಕ ಹೋಗಲು ಹೆಚ್ಚು ಸಮಯ ಹಿಡಿದರೂ ಮರುದಿನದಿಂದ ಅಂದಿನ ಬದಲಾವಣೆಯಷ್ಟೇ ಹೋಗುತ್ತದೆ.

ಆಜ್ಞೆಯ ಮುಂದೆ ಮೊದಲು ಮೂಲ, ಅನಂತರ ಗುರಿ, ಕೊನೆಗೆ ಓರೆಗೆರೆಯೊಡನೆ ಕೆಲವು ಇಂಗ್ಲಿಷ್ ಅಕ್ಷರಗಳನ್ನು ಬರೆಯಬೇಕು. ಇ ಎಂದರೆ ಒಳಗಿನ ಎಲ್ಲ ಉಪಫೋಲ್ಡರುಗಳೂ ಬರಲಿ ಎಂದರ್ಥ. ಎಕ್ಸ್‌ಓ ಎಂದರೆ ಗುರಿಯಲ್ಲಿ ಹೊಸದಿದ್ದಾಗ ಹಳೆಯದನ್ನು ಅದರ ಮೇಲೆ ಹೇರಬೇಡ ಎಂದರ್ಥ. ಶುಕ್ರವಾರದ ಲೆಕ್ಕದ ಮೇಲೆ ಬುಧವಾರದ ಲೆಕ್ಕ ಬಂದು ಕುಳಿತುಕೊಳ್ಳುವ ಪ್ರಮಾದವನ್ನು ಈ ಎರಡಕ್ಷರ ಬಹುಮಟ್ಟಿಗೆ ತಪ್ಪಿಸುತ್ತವೆ. ಲಾಗ್ ಎಂಬುದು ನಡೆದ ಕೆಲಸದ ವರದಿಯನ್ನು ಒಂದು ಕಡತದಲ್ಲಿ ಬರೆದಿಡುತ್ತದೆ. ರೋಜುಕೀರ್ದಿ ಇಡುವವರಿಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಎರಡು ಅಕ್ಷರಗಳ ವಿಷಯದಲ್ಲಿ ಬಹಳಷ್ಟು ಮಂದಿ ಎಡವುತ್ತಾರೆ. ಕಡತವೊಂದು ಬೇರೆ ತಂತ್ರಾಂಶದ ಹಿಡಿತದಲ್ಲಿದ್ದು ನಕಲಿಗೆ ಸಿಗದಿದ್ದಾಗ ರೋಬೋಕಾಪಿಯು ಕಾದು ಮತ್ತೆ ಪ್ರಯತ್ನಿಸುತ್ತದೆ. ಆರ್ ಎಂಬುದು ಎಷ್ಟು ಸಲ ಪ್ರಯತ್ನಿಸಬೇಕು, ಡಬ್ಲ್ಯೂ ಎಂಬುದು ನಡುವೆ ಎಷ್ಟು ಸೆಕೆಂಡು ಕಾಯಬೇಕು ಎಂಬುದನ್ನು ತಿಳಿಸುತ್ತವೆ. ಬಳಕೆದಾರನು ಏನೂ ಹೇಳದಿದ್ದರೆ ಅದು ತಾನೇ ಇಟ್ಟುಕೊಳ್ಳುವ ಲೆಕ್ಕ ಹತ್ತು ಲಕ್ಷ ಸಲ, ಪ್ರತಿ ಸಲಕ್ಕೂ 30 ಸೆಕೆಂಡು! ಗುಣಿಸಿದರೆ ಮೂರು ಕೋಟಿ ಸೆಕೆಂಡು, ಅಂದರೆ ಸುಮಾರು 347 ದಿನ. ಒಂದು ಕಡತಕ್ಕಾಗಿ ಆರ್ಥಿಕ ವರ್ಷವೇ ಕಳೆದುಹೋಗುವಷ್ಟು ತಾಳ್ಮೆ ಅದಕ್ಕಿದೆ. ಗಲ್ಲೆಯ ಯಂತ್ರದಲ್ಲಿ ಟ್ಯಾಲಿಯನ್ನು ಮುಚ್ಚದೆಯೇ ಗುಮಾಸ್ತನು ಚಿಹ್ನೆಯನ್ನು ಒತ್ತಿ ಮನೆಗೆ ಹೋದರೆ, ರಾತ್ರಿಯಿಡೀ ಒಂದೇ ಕಡತದ ಮುಂದೆ ನಕಲು ನಿಂತುಬಿಡುವುದು ಈ ಕಾರಣದಿಂದ. ಆರ್ ಮುಂದೆ ಎರಡು, ಡಬ್ಲ್ಯೂ ಮುಂದೆ ಐದು ಎಂದು ಬರೆದರೆ ತೊಂದರೆ ತಪ್ಪುತ್ತದೆ. ಟ್ಯಾಲಿ ಬೆಂಗಳೂರಿನಲ್ಲಿಯೇ 1986ರಲ್ಲಿ ಆರಂಭಗೊಂಡ ಸಂಸ್ಥೆಯ ತಂತ್ರಾಂಶ. ನಮ್ಮ ವರ್ತಕರಲ್ಲಿ ಅದನ್ನು ಅರಿಯದವರು ವಿರಳ. ಅದನ್ನು ಮುಚ್ಚಿದ ಮೇಲೆಯೇ ಅದರ ದತ್ತಾಂಶದ ಫೋಲ್ಡರನ್ನು ನಕಲು ಮಾಡಬೇಕು, ಇಲ್ಲವೇ ಅದರಲ್ಲಿಯೇ ಇರುವ ಬ್ಯಾಕಪ್ ಆಜ್ಞೆಯಿಂದ ತಯಾರಾದ ಕಡತವನ್ನು ಒಯ್ಯಬೇಕು. ಅರ್ಧ ಬರೆದ ಸ್ಥಿತಿಯಲ್ಲಿ ಸೆರೆಸಿಕ್ಕ ಲೆಕ್ಕ ನೋಡಲು ಲೆಕ್ಕದಂತೆಯೇ ಇರುತ್ತದೆ, ತೆರೆಯಲು ಹೋದಾಗ ತಾಳೆಯಾಗುವುದಿಲ್ಲ.

ಕೆಲಸ ಮುಗಿದ ಮೇಲೆ ರೋಬೋಕಾಪಿ ಹಿಂತಿರುಗಿಸುವ ಅಂಕಿಯೂ ಗೊಂದಲಕ್ಕೆ ಕಾರಣವಾಗಿದೆ. ಸಾಮಾನ್ಯವಾಗಿ ಸೊನ್ನೆ ಬಂದರೆ ಯಶಸ್ಸು, ಬೇರೆ ಅಂಕಿ ಬಂದರೆ ದೋಷ ಎಂಬುದು ಗಣಕದ ರೂಢಿ. ಇಲ್ಲಿ ಸೊನ್ನೆ ಎಂದರೆ ಒಯ್ಯಬೇಕಾದದ್ದು ಏನೂ ಇರಲಿಲ್ಲ ಎಂದರ್ಥ, ಒಂದು ಎಂದರೆ ಕಡತಗಳು ಸರಿಯಾಗಿ ಹೋದವು ಎಂದರ್ಥ. ಎಂಟು ಮತ್ತು ಅದಕ್ಕೂ ಮೇಲಿನದು ಬಂದಾಗ ಮಾತ್ರ ವೈಫಲ್ಯ. ಬ್ಯಾಚ್ ಫೈಲ್ ಬರೆದುಕೊಡುವ ಹುಡುಗನಿಗೆ ಇದು ತಿಳಿದಿರದಿದ್ದರೆ ನಕಲು ಸರಿಯಾಗಿ ನಡೆದ ದಿನವೆಲ್ಲ ‘ದೋಷ’ ಎಂದು ಪರದೆ ಕೂಗುತ್ತದೆ. ಹತ್ತು ದಿನ ಕೂಗಿದ ಮೇಲೆ ಯಾರೂ ಅದರ ಕಡೆ ನೋಡುವುದಿಲ್ಲ, ನಿಜವಾದ ದೋಷ ಬಂದ ದಿನವೂ ನೋಡುವುದಿಲ್ಲ.

ಕನ್ನಡಿಯ ಅಪಾಯ

ರೋಬೋಕಾಪಿಯಲ್ಲಿ ಎಂಐಆರ್ ಎಂಬ ಮೂರಕ್ಷರವಿದೆ. ಮೂಲದಲ್ಲಿ ಏನಿದೆಯೋ ಗುರಿಯಲ್ಲಿಯೂ ಅದಷ್ಟೇ ಇರಲಿ ಎಂಬುದು ಇದರ ತಾತ್ಪರ್ಯ, ಕನ್ನಡಿಯ ಪ್ರತಿಬಿಂಬದಂತೆ. ಮೂಲದಲ್ಲಿಲ್ಲದ ಕಡತವು ಗುರಿಯಲ್ಲಿದ್ದರೆ ಅದನ್ನು ಯಾವ ಪ್ರಶ್ನೆಯನ್ನೂ ಕೇಳದೆ ಅಳಿಸಿಹಾಕುತ್ತದೆ. ಹೀಗೆ ಅಳಿದದ್ದು ರೀಸೈಕಲ್ ಬಿನ್‌ಗೂ ಹೋಗುವುದಿಲ್ಲ. ಗುಮಾಸ್ತನ ಕೈತಪ್ಪಿನಿಂದ ಗಲ್ಲೆಯ ಯಂತ್ರದಲ್ಲಿ ಫೋಲ್ಡರ್ ಖಾಲಿಯಾಗಿದ್ದ ದಿನ ಚಿಹ್ನೆಯನ್ನು ಒತ್ತಿದರೆ ಮನೆಯ ಪ್ರತಿಯೂ ಖಾಲಿ. ಮೂಲ ಮತ್ತು ಗುರಿಯ ವಿಳಾಸಗಳು ಅದಲುಬದಲಾದರಂತೂ ಹಳೆಯ ಲೆಕ್ಕವೇ ಹೊಸ ಲೆಕ್ಕವನ್ನು ನುಂಗಿಬಿಡುತ್ತದೆ. ಆದುದರಿಂದ ಹೊಸ ಬ್ಯಾಚ್ ಫೈಲನ್ನು ಮೊದಲ ಬಾರಿ ನಡೆಸುವಾಗ ಆಜ್ಞೆಯ ಕೊನೆಗೆ ಎಲ್ ಎಂಬ ಅಕ್ಷರವನ್ನು ಸೇರಿಸಬೇಕು. ಆಗ ಯಂತ್ರವು ಏನನ್ನೂ ಮುಟ್ಟದೆ, ಯಾವುದನ್ನು ಒಯ್ಯುತ್ತಿದ್ದೆ, ಯಾವುದನ್ನು ಅಳಿಸುತ್ತಿದ್ದೆ ಎಂಬ ಪಟ್ಟಿಯನ್ನಷ್ಟೇ ತೋರಿಸುತ್ತದೆ.

ತಾನು ಯಾವ ಯಂತ್ರದ ಮುಂದೆ ಕುಳಿತಿದ್ದೇನೆ ಎಂಬುದನ್ನು ಮರೆಯುವುದು ನುರಿತವರಿಗೂ ಸಂಭವಿಸುತ್ತದೆ. ಗಿಟ್‌ಲ್ಯಾಬ್ ಎಂಬ ತಂತ್ರಾಂಶ ಸಂಸ್ಥೆಯಲ್ಲಿ 2017ರ ಜನವರಿ 31ರಂದು ಎಂಜಿನಿಯರೊಬ್ಬರು ಬದಲಿ ಸರ್ವರ್ ಎಂದು ಭಾವಿಸಿ ಮುಖ್ಯ ಸರ್ವರ್‌ನ ದತ್ತಾಂಶವನ್ನೇ ಅಳಿಸತೊಡಗಿದರು. ತಪ್ಪು ಅರಿವಾಗಿ ನಿಲ್ಲಿಸುವಷ್ಟರಲ್ಲಿ ಬಹುಪಾಲು ಹೋಗಿತ್ತು. ಸಂಸ್ಥೆಯು ಮುಚ್ಚಿಡದೆ ಬಹಿರಂಗವಾಗಿ ಪ್ರಕಟಿಸಿದ ಸಂಗತಿಯೆಂದರೆ, ನಂಬಿಕೊಂಡಿದ್ದ ಹಲವು ಬಗೆಯ ಬ್ಯಾಕಪ್ ವ್ಯವಸ್ಥೆಗಳು ಆ ಹೊತ್ತಿಗೆ ಕೈಕೊಟ್ಟವು. ಆರು ಗಂಟೆಗಳ ಹಿಂದೆ ಆಕಸ್ಮಿಕವಾಗಿ ತೆಗೆದಿಟ್ಟಿದ್ದ ಒಂದು ಪ್ರತಿಯೇ ಗತಿಯಾಯಿತು. ಬ್ಯಾಚ್ ಫೈಲಿನ ಮೊದಲ ಸಾಲಿನಲ್ಲಿಯೇ ಯಂತ್ರದ ಹೆಸರನ್ನು ಪರೀಕ್ಷಿಸಿ, ‘ಗಲ್ಲೆ’ ಯಂತ್ರ ಅಲ್ಲದಿದ್ದರೆ ಮುಂದುವರಿಯದಂತೆ ಬರೆಸಿಕೊಳ್ಳಬಹುದು. ಒಂದು ಸಾಲಿನ ಖರ್ಚು ಅಷ್ಟೇ.

ಲಿನಕ್ಸ್ ಸರ್ವರ್ ಇಟ್ಟುಕೊಂಡಿರುವ ತಯಾರಿಕಾ ಘಟಕಗಳಲ್ಲಿ ಇದೇ ಕೆಲಸಕ್ಕೆ ಆರ್‌ಸಿಂಕ್ ಬಳಕೆಯಲ್ಲಿದೆ. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ ಮತ್ತು ಪಾಲ್ ಮೆಕೆರಾಸ್ 1996ರಲ್ಲಿ ಇದನ್ನು ಹೊರತಂದರು. ದೊಡ್ಡ ಕಡತವೊಂದರ ಬದಲಾದ ಭಾಗಗಳನ್ನು ಮಾತ್ರ ಕಳುಹಿಸುವುದರಿಂದ ನಿಧಾನಗತಿಯ ಸಂಪರ್ಕದಲ್ಲಿಯೂ ಇದು ಉಪಯುಕ್ತ. ಇಲ್ಲಿಯೂ ‘ಡಿಲೀಟ್’ ಎಂಬ ಕನ್ನಡಿಯುಂಟು, ‘ಡ್ರೈ-ರನ್’ ಎಂಬ ತಾಲೀಮುಂಟು. ಮೂಲದ ಹೆಸರಿನ ಕೊನೆಗೆ ಓರೆಗೆರೆ ಇದ್ದರೆ ಫೋಲ್ಡರಿನ ಒಳಗಿನದು ಮಾತ್ರ ಹೋಗುತ್ತದೆ, ಇಲ್ಲದಿದ್ದರೆ ಫೋಲ್ಡರ್ ಸಮೇತ ಹೋಗುತ್ತದೆ. ಒಂದು ಗೆರೆಯ ವ್ಯತ್ಯಾಸ. ದೂರದ ಊರಿನ ಶಾಖೆಗೆ ಅಂತರ್ಜಾಲದ ಮೂಲಕ ಕಳುಹಿಸುವವರು ಎಸ್‌ಎಸ್‌ಎಚ್ ಎಂಬ ಗೂಢಲಿಪಿ ಮಾರ್ಗವನ್ನೇ ಬಳಸಬೇಕು. 2018ರಿಂದ ಇದು ವಿಂಡೋಸ್ 10ರಲ್ಲಿಯೂ ದೊರೆಯುತ್ತಿದೆ. ಪಾಸ್‌ವರ್ಡನ್ನು ಬ್ಯಾಚ್ ಫೈಲಿನೊಳಗೆ ಬರೆದಿಡುವುದೆಂದರೆ ತಿಜೋರಿಯ ಬೀಗದ ಕೈಯನ್ನು ಬಾಗಿಲಿಗೇ ತೂಗುಹಾಕಿದಂತೆ. ಎಸ್‌ಎಸ್‌ಎಚ್‌ನ ಜೋಡಿ ಕೀಲಿಗಳ ವ್ಯವಸ್ಥೆ ಇರುವುದೇ ಅದನ್ನು ತಪ್ಪಿಸಲು.

ಘಾನಾದ ವಿದ್ಯುತ್ ಕಡಿತ

ಪ್ರತಿಗಳೆಲ್ಲ ಒಂದಕ್ಕೊಂದು ತಾನಾಗಿಯೇ ಹೊಂದಿಕೊಳ್ಳುತ್ತಿದ್ದರೆ ಏನಾಗಬಹುದು ಎಂಬುದಕ್ಕೆ ಹಡಗು ಸಾಗಣೆಯ ದೈತ್ಯ ಸಂಸ್ಥೆ ಮೆರ್ಸ್ಕ್‌ನ ಅನುಭವ ಕಣ್ತೆರೆಸುವಂಥದ್ದು. 2017ರ ಜೂನ್ 27ರಂದು ನಾಟ್‌ಪೆಟ್ಯಾ ಎಂಬ ದುಷ್ಟ ತಂತ್ರಾಂಶ ಉಕ್ರೇನಿನಿಂದ ಹೊರಟು ಜಗತ್ತಿನಾದ್ಯಂತ ಹರಡಿತು. ಅದು ಪ್ರವೇಶಿಸಿದ ಬಾಗಿಲು ಯಾವುದೆಂದರೆ, ಆ ದೇಶದಲ್ಲಿ ತೆರಿಗೆ ಲೆಕ್ಕಕ್ಕಾಗಿ ವ್ಯಾಪಕವಾಗಿ ಬಳಸುತ್ತಿದ್ದ ಎಂ.ಇ.ಡಾಕ್ ಎಂಬ ಲೆಕ್ಕಪತ್ರ ತಂತ್ರಾಂಶದ ಅಧಿಕೃತ ನವೀಕರಣ! ಲೆಕ್ಕಿಗರು ಎಚ್ಚರದಿಂದ ಓದಬೇಕಾದ ವಾಕ್ಯವಿದು. ಮೆರ್ಸ್ಕ್ ಕಚೇರಿಗಳ ಯಂತ್ರಗಳು ಕೆಲವೇ ಗಂಟೆಗಳಲ್ಲಿ ನಿಷ್ಕ್ರಿಯಗೊಂಡವು. ಮುಂಬಯಿಯ ಜವಾಹರಲಾಲ್ ನೆಹರೂ ಬಂದರಿನಲ್ಲಿ ಅದರ ಅಂಗಸಂಸ್ಥೆ ನಡೆಸುತ್ತಿದ್ದ ಟರ್ಮಿನಲ್‌ನ ಕೆಲಸವೂ ಅಸ್ತವ್ಯಸ್ತವಾಗಿ ನಮ್ಮ ದೇಶದ ಆಮದು-ರಫ್ತುದಾರರೂ ಅದರ ಬಿಸಿಯನ್ನು ಅನುಭವಿಸಿದರು.

ಯಾವ ನೌಕರನಿಗೆ ಯಾವ ಯಂತ್ರದೊಳಗೆ ಪ್ರವೇಶವಿದೆ ಎಂಬುದನ್ನು ನಿರ್ಧರಿಸುವ ಸುಮಾರು 150 ಸರ್ವರ್‌ಗಳು ಆ ಸಂಸ್ಥೆಯಲ್ಲಿದ್ದವು. ಅವು ಸದಾ ಪರಸ್ಪರ ಪ್ರತಿ ಮಾಡಿಕೊಳ್ಳುತ್ತಿದ್ದುದರಿಂದ, ಒಂದು ಕೆಟ್ಟರೆ ಇನ್ನೊಂದು ಒದಗುತ್ತದೆ ಎಂದು ನೆಮ್ಮದಿಯಿಂದಿದ್ದರು. ಎಲ್ಲವೂ ಒಟ್ಟಿಗೆ ಅಳಿಯಬಹುದು ಎಂಬ ಕಲ್ಪನೆ ಯಾರಿಗೂ ಇರಲಿಲ್ಲ. ಕೊನೆಗೆ ಉಳಿದದ್ದು ಪಶ್ಚಿಮ ಆಫ್ರಿಕಾದ ಘಾನಾ ಕಚೇರಿಯ ಒಂದೇ ಒಂದು ಸರ್ವರ್. ದಾಳಿಗೆ ಮುಂಚೆ ಅಲ್ಲಿ ವಿದ್ಯುತ್ ಹೋಗಿ ಆ ಯಂತ್ರ ಜಾಲದಿಂದ ಹೊರಗುಳಿದಿತ್ತು. ಅಲ್ಲಿನ ಅಂತರ್ಜಾಲದ ವೇಗ ಸಾಲದೆ, ನೌಕರನೊಬ್ಬ ಹಾರ್ಡ್ ಡಿಸ್ಕನ್ನು ನೈಜೀರಿಯಾದವರೆಗೆ ಒಯ್ದು, ಅಲ್ಲಿಂದ ಇನ್ನೊಬ್ಬ ಲಂಡನ್ನಿಗೆ ವಿಮಾನದಲ್ಲಿ ತಲುಪಿಸಿದ. ಹತ್ತು ದಿನಗಳಲ್ಲಿ 4,000 ಸರ್ವರ್‌ಗಳನ್ನೂ 45,000 ಗಣಕಯಂತ್ರಗಳನ್ನೂ ಹೊಸದಾಗಿ ಸಜ್ಜುಗೊಳಿಸಲಾಯಿತೆಂದು ಸಂಸ್ಥೆಯ ಅಧ್ಯಕ್ಷರು 2018ರ ಜನವರಿಯಲ್ಲಿ ಡಾವೋಸ್‌ನಲ್ಲಿ ತಿಳಿಸಿದರು. ವಿದ್ಯುತ್ ಕಡಿತವನ್ನು ಶಪಿಸುವುದೇ ಅಭ್ಯಾಸವಾಗಿರುವ ನಮ್ಮ ಉದ್ದಿಮೆದಾರರಿಗೆ ಅದರಿಂದಲೂ ಒಮ್ಮೆ ಉಪಕಾರವಾದದ್ದು ವಿಚಿತ್ರವಾಗಿ ತೋರಬಹುದು.

ಸಣ್ಣ ಅಂಗಡಿಯ ಮಟ್ಟದಲ್ಲಿ ಇದರ ಅರ್ಥ ಇಷ್ಟು. ಗಲ್ಲೆಯ ಯಂತ್ರದಲ್ಲಿ ‘ಝಡ್ ಡ್ರೈವ್’ ಎಂದು ಸದಾ ತೆರೆದಿರುವ ಮನೆಯ ಅಥವಾ ಗೋದಾಮಿನ ಫೋಲ್ಡರ್ ಗುಮಾಸ್ತನಿಗೆ ಎಷ್ಟು ಹತ್ತಿರವೋ, ಆ ಯಂತ್ರಕ್ಕೆ ತಗುಲಿದ ವೈರಸ್‌ಗೂ ಅಷ್ಟೇ ಹತ್ತಿರ. ಗಲ್ಲೆಯು ಒಯ್ದು ಹಾಕುವ ಬದಲು ಗೋದಾಮಿನ ಯಂತ್ರವೇ ಬಂದು ಕೊಂಡೊಯ್ಯುವಂತೆ ವ್ಯವಸ್ಥೆ ಮಾಡುವುದು ಲೇಸು. ಗಲ್ಲೆಯ ಫೋಲ್ಡರನ್ನು ಓದಲು ಮಾತ್ರ ಅನುಮತಿಯಿಟ್ಟು ಹಂಚಿಕೊಂಡು, ಬ್ಯಾಚ್ ಫೈಲನ್ನು ಗೋದಾಮಿನಲ್ಲಿಡಬೇಕು. ಗೋದಾಮಿನ ಫೋಲ್ಡರಿನ ಮೇಲೆ ಗಲ್ಲೆಗೆ ಯಾವ ಅಧಿಕಾರವೂ ಇರಕೂಡದು. ನಗದು ಮುಟ್ಟುವವನಿಗೆ ಖಾತೆ ಬರೆಯಲು ಬಿಡಬಾರದೆಂಬ ಹಳೆಯ ಪದ್ಧತಿಯೇ ಇದು.

ಒಂದು ಪ್ರತಿ ಸಾಲದು

ಪ್ರತಿದಿನವೂ ಒಂದೇ ಫೋಲ್ಡರಿನ ಮೇಲೆ ನಕಲು ಮಾಡಿದರೆ ಉಳಿಯುವುದು ನಿನ್ನೆಯ ಲೆಕ್ಕ ಮಾತ್ರ. ಸೋಮವಾರ ಕೆಟ್ಟ ಲೆಕ್ಕ ಗುರುವಾರ ಕಣ್ಣಿಗೆ ಬಿದ್ದರೆ ಮನೆಯ ಪ್ರತಿಯೂ ಆಗಲೇ ಮೂರು ಬಾರಿ ಕೆಟ್ಟಿರುತ್ತದೆ. ವಾರದ ಏಳು ದಿನಗಳಿಗೆ ಏಳು ಫೋಲ್ಡರುಗಳನ್ನು ಮಾಡಿ, ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲಿ ದಿನಕ್ಕೊಂದರಂತೆ ಏಳು ಬ್ಯಾಚ್ ಫೈಲುಗಳನ್ನು ಗೊತ್ತುಪಡಿಸಿದರೆ ಒಂದು ವಾರದ ಹಿನ್ನೋಟ ಸದಾ ಕೈಯಲ್ಲಿರುತ್ತದೆ. ಇಲ್ಲಿ ಎಂಐಆರ್ ಬಳಸಲು ಅಡ್ಡಿಯಿಲ್ಲ. ಕನ್ನಡಿ ಒಡೆದರೂ ಒಂದು ದಿನದ್ದು, ಉಳಿದ ಆರು ಭದ್ರ. ತಿಂಗಳ ಕೊನೆಯ ಪ್ರತಿಯನ್ನು ಬೇರೆಯಾಗಿ ಹೊರಗಿನ ಹಾರ್ಡ್ ಡಿಸ್ಕಿಗೆ ಹಾಕಿ, ತಂತಿಯನ್ನು ಕಳಚಿ ಕಪಾಟಿನಲ್ಲಿಡಬೇಕು. ಕಳಚದ ಡಿಸ್ಕ್ ಹೊರಗಿನದಲ್ಲ. ತಾರೀಖಿನ ಹೆಸರಿನಲ್ಲಿ ಫೋಲ್ಡರ್ ಮಾಡಿಸುವವರು ಒಂದು ವಿಷಯ ಗಮನಿಸಬೇಕು: ಯಂತ್ರದ ತಾರೀಖು ಅಮೆರಿಕದ ಪದ್ಧತಿಯಲ್ಲಿದ್ದರೆ ನಡುವೆ ಓರೆಗೆರೆಗಳು ಬರುತ್ತವೆ, ಫೋಲ್ಡರಿನ ಹೆಸರಿನಲ್ಲಿ ಅವು ನಡೆಯುವುದಿಲ್ಲ. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆಸಿದರೆ ಪಟ್ಟಿಯೂ ಕಾಲಾನುಕ್ರಮದಲ್ಲಿ ನಿಲ್ಲುತ್ತದೆ.

ಕಾನೂನಿನ ದೃಷ್ಟಿಯಿಂದಲೂ ಇದು ಈಗ ಐಚ್ಛಿಕವಲ್ಲ. ಕಂಪನಿಗಳ (ಲೆಕ್ಕಪತ್ರ) ನಿಯಮಗಳು, 2014ರ ಮೂರನೆಯ ನಿಯಮಕ್ಕೆ 2022ರ ಆಗಸ್ಟ್‌ನಲ್ಲಿ ಮಾಡಿದ ತಿದ್ದುಪಡಿಯಂತೆ, ವಿದ್ಯುನ್ಮಾನ ರೂಪದ ಲೆಕ್ಕಪುಸ್ತಕಗಳ ಬ್ಯಾಕಪ್ಪನ್ನು ಭಾರತದಲ್ಲಿಯೇ ಭೌತಿಕವಾಗಿ ಇರುವ ಸರ್ವರ್‌ನಲ್ಲಿ ದಿನನಿತ್ಯ ಇಡಬೇಕು. ಅದಕ್ಕೆ ಮುಂಚೆ ‘ನಿಯತಕಾಲಿಕವಾಗಿ’ ಎಂದಷ್ಟೇ ಇತ್ತು. ಪ್ರೈವೇಟ್ ಲಿಮಿಟೆಡ್ ಮಾಡಿಕೊಂಡಿರುವ ಸಣ್ಣ ತಯಾರಕರಿಗೂ ಇದು ಅನ್ವಯ. ಪಾಲುದಾರಿಕೆ ಮತ್ತು ಏಕಮಾಲೀಕತ್ವದ ಸಂಸ್ಥೆಗಳಿಗೆ ಈ ನಿಯಮ ತಾಗದಿದ್ದರೂ ಜಿಎಸ್‌ಟಿಯ 57ನೆಯ ನಿಯಮ ತಾಗುತ್ತದೆ. ಅಪಘಾತ ಅಥವಾ ನೈಸರ್ಗಿಕ ಕಾರಣದಿಂದ ದಾಖಲೆ ನಾಶವಾದರೆ ಸಮಂಜಸ ಅವಧಿಯೊಳಗೆ ಮರಳಿ ಪಡೆಯುವಂತೆ ವಿದ್ಯುನ್ಮಾನ ಪ್ರತಿಯನ್ನು ಕಾಪಾಡಿರಬೇಕೆಂದು ಅದು ವಿಧಿಸುತ್ತದೆ. ಕೇಂದ್ರ ಜಿಎಸ್‌ಟಿ ಕಾಯಿದೆಯ 36ನೆಯ ಕಲಮಿನ ಪ್ರಕಾರ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು ಲೆಕ್ಕ ಉಳಿದಿರಬೇಕು. ಕಂಪನಿಗಳಾದರೆ ಎಂಟು ಆರ್ಥಿಕ ವರ್ಷ. ಪೆನ್‌ಡ್ರೈವಿನ ‘ಹೊಸ ಫೈನಲ್’ ಅಷ್ಟು ಕಾಲ ಬಾಳುವುದೆಂದು ಯಾರೂ ಹೇಳಲಾರರು.

‘ಮರಳಿ ಪಡೆಯುವಂತೆ’ ಎಂಬ ಮಾತೇ ಇಲ್ಲಿ ಮುಖ್ಯ. ಪ್ರತಿ ಇದೆ ಎಂಬುದಕ್ಕೂ ಅದು ತೆರೆಯುತ್ತದೆ ಎಂಬುದಕ್ಕೂ ಅಂತರವಿದೆ. ಮೂರು ತಿಂಗಳಿಗೊಮ್ಮೆಯಾದರೂ ಕಪಾಟಿನ ಡಿಸ್ಕನ್ನು ತೆಗೆದು, ಗಲ್ಲೆಗೂ ಗೋದಾಮಿಗೂ ಸಂಬಂಧಿಸದ ಮೂರನೆಯ ಯಂತ್ರದಲ್ಲಿ ಆ ಪ್ರತಿಯನ್ನು ತೆರೆಯಬೇಕು. ಆ ದಿನದ ತಾಳೆಪಟ್ಟಿ, ಬ್ಯಾಂಕಿನ ಶಿಲ್ಕು, ಕೊನೆಯ ಬಿಲ್ಲಿನ ಸಂಖ್ಯೆ ಈ ಮೂರನ್ನೂ ಅಂಗಡಿಯ ಮುದ್ರಿತ ಪ್ರತಿಯೊಡನೆ ಹೋಲಿಸಿದರೆ ಅರ್ಧ ಗಂಟೆಯ ಕೆಲಸ. ಹೋಲಿಕೆಯ ದಿನಾಂಕ, ತೆರೆದ ಫೋಲ್ಡರಿನ ಹೆಸರು, ಕೊನೆಯ ಬಿಲ್ಲಿನ ಸಂಖ್ಯೆಗಳನ್ನು ಒಂದು ನೂರು ಪುಟದ ನೋಟ್‌ಪುಸ್ತಕದಲ್ಲಿ ಶಾಯಿಯಿಂದ ಬರೆದು ಗುಮಾಸ್ತನೂ ಮಾಲೀಕರೂ ಸಹಿ ಹಾಕಬೇಕು. ಆ ಪುಸ್ತಕವನ್ನು ಯಂತ್ರದ ಪಕ್ಕದಲ್ಲಿಡದೆ ತಿಜೋರಿಯಲ್ಲಿಡುವುದು ಅನುಕೂಲ.